ಅಟ್ಟದ ಗುಜರಿ, ಮಾಜಿ ಸೈನಿಕರ ಋಣ

ಆಯುಧಪೂಜೆಯ ಹಿಂದಿನ ದಿನ ನಮ್ಮಲ್ಲಿ ಹೆಚ್ಚಿನವರ ಮನೆಗಳಲ್ಲಿ ನಡೆಯುವ ಕೆಲಸ ಒಂದೇ. ಕತ್ತಿ, ಗುದ್ದಲಿ, ಹಾರೆ, ಪಿಕಾಸಿಗಳನ್ನು ಅಂಗಳಕ್ಕೆ ತಂದು ತೊಳೆಯುತ್ತೇವೆ. ಔಷಧಿ ಹೊಡೆಯುವ ಪಂಪಿಗೆ, ಪಲ್ಪರಿಗೆ, ಜೀಪಿಗೆ ಕುಂಕುಮವಿಟ್ಟು ಹೂ ಏರಿಸುತ್ತೇವೆ. ಆದರೆ ಬಾಯಿ ಮುರಿದ ಗುದ್ದಲಿ, ತಳ ತೂತಾದ ಹಂಡೆ, ಹಲ್ಲು ಸವೆದ ಗರಗಸ, ಜಜ್ಜಿಹೋದ ಸ್ಪ್ರಿಂಕ್ಲರ್ ಪೈಪು, ಸುಟ್ಟುಹೋದ ಮೋಟಾರು ಇವಕ್ಕೆ ಪೂಜೆಯೂ ಇಲ್ಲ, ಬಿಡುಗಡೆಯೂ ಇಲ್ಲ. ಅಂಗಳ ಗುಡಿಸಿದ ಮೇಲೆ ಅವು ಮತ್ತೆ ಅಟ್ಟಕ್ಕೋ ಕೊಟ್ಟಿಗೆಯ ಮೂಲೆಗೋ ಹೋಗುತ್ತವೆ. ‘ಎಂದಾದರೂ ಬೇಕಾದೀತು’ ಎಂಬುದು ಕೃಷಿಕನ ಸಹಜ ಮಾತು. ಆ ‘ಎಂದಾದರೂ’ ಬರುವುದೇ ಇಲ್ಲ; ಮಳೆಗಾಲ ಮಾತ್ರ ತಪ್ಪದೆ ಬಂದು ಅವುಗಳನ್ನು ತುಕ್ಕಾಗಿಸುತ್ತದೆ.

ಈ ರಾಶಿಯ ಬಗ್ಗೆ ಸದಸ್ಯ ಬಾಂಧವರ ಮುಂದೆ ಒಂದು ಸಲಹೆ ಇಡುವುದಕ್ಕಾಗಿ ಈ ಲೇಖನ. ಮನೆಮನೆಯ ಗುಜರಿಯನ್ನು ಸಂಘದ ಮೂಲಕ ಒಟ್ಟುಗೂಡಿಸಿ, ವಿಂಗಡಿಸಿ, ಒಮ್ಮೆಗೇ ಮಾರಿ, ಬಂದ ಹಣವನ್ನು ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನದಂದು ಮಾಜಿ ಸೈನಿಕರ ನಿಧಿಗೆ ಒಪ್ಪಿಸೋಣ ಎಂಬುದೇ ಆ ಸಲಹೆ. ಇದರ ಜೊತೆಗೆ ಮಾಡಬೇಕಾದ ಇನ್ನೊಂದು ಕೆಲಸವೂ ಇದೆ. ಅದು ಹಣಕ್ಕಿಂತ ದೊಡ್ಡದು. ಅದನ್ನು ಹೇಳುವ ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

ಕಪ್ಪು ಟ್ರಂಕು

ನಮ್ಮ ಪಕ್ಕದ ತೋಟದವರನ್ನು ಊರೆಲ್ಲ ‘ಮಿಲಿಟರಿ ದೊಡ್ಡಪ್ಪ’ ಎಂದೇ ಕರೆಯುತ್ತಿತ್ತು. 1958ರಲ್ಲಿ ಸೇನೆಗೆ ಸೇರಿ, 1965ರ ಯುದ್ಧವನ್ನು ಕಂಡು, 1967ರಲ್ಲಿ ಊರಿಗೆ ಮರಳಿದವರು. ಅವರ ತಂದೆ ಹಠಾತ್ತನೆ ತೀರಿಕೊಂಡಿದ್ದರು. ಎರಡು ಎಕರೆ ಕಾಫಿ, ಹಳ್ಳದ ಬದಿಯ ಒಂದಿಷ್ಟು ಅಡಿಕೆ, ಮದುವೆಯಾಗಬೇಕಿದ್ದ ಇಬ್ಬರು ತಂಗಿಯರು. ನೋಡಿಕೊಳ್ಳುವವರು ಬೇರೆ ಯಾರೂ ಇರಲಿಲ್ಲ. ಒಂಬತ್ತು ವರ್ಷದ ಸೇವೆಗೆ ಪಿಂಚಣಿ ಸಿಗಲಿಲ್ಲ. ಆ ಬಗ್ಗೆ ಅವರು ಒಂದು ದಿನವಾದರೂ ದೂರಿದ್ದನ್ನು ನಾನು ಕೇಳಿಲ್ಲ. ಬೆಳಗಿನ ಐದು ಗಂಟೆಗೆ ಎದ್ದು ಕಣ ಗುಡಿಸುವುದು, ಕತ್ತಿಯನ್ನು ಒರೆಸದೆ ಗೂಟಕ್ಕೆ ಸಿಕ್ಕಿಸದಿರುವುದು, ಇಷ್ಟೇ ಅವರಲ್ಲಿ ಉಳಿದಿದ್ದ ಮಿಲಿಟರಿ.

ಅವರು ಕಾಲವಾದ ಕೆಲವು ವರ್ಷಗಳ ನಂತರ ಒಂದು ಬೇಸಿಗೆಯಲ್ಲಿ ದೊಡ್ಡಮ್ಮನ ಮನೆಯ ಹೆಂಚು ಇಳಿಸಿ ಮಾಡು ರಿಪೇರಿ ಮಾಡಿಸುವ ಕೆಲಸ ಬಂತು. ಅಟ್ಟ ಖಾಲಿ ಮಾಡಲು ನಾನು ಹೋದೆ. ಮೂಲೆಯಲ್ಲಿ ಕಪ್ಪು ಬಣ್ಣದ ತಗಡಿನ ಟ್ರಂಕು ಇತ್ತು. ಮುಚ್ಚಳದ ಮೇಲೆ ಬಿಳಿ ಅಕ್ಷರದಲ್ಲಿ ನಂಬರು, ಹೆಸರು. ಒಂದು ಬದಿ ತುಕ್ಕು ಹಿಡಿದು ಕೈಗೆ ಉದುರುತ್ತಿತ್ತು. ಒಳಗೆ ಹುಳು ತಿಂದ ಒಂದು ಕಂಬಳಿ. ಕಂಬಳಿಯನ್ನು ಕೆಳಗೆ ಎಸೆದೆ. ಟ್ರಂಕನ್ನು ಅಂಗಳದಲ್ಲಿ ಕಾಯುತ್ತಿದ್ದ ಗುಜರಿಯವನ ತಕ್ಕಡಿಗೆ ಹಾಕಿದೆ. ಬಂದ ಹಣಕ್ಕೆ ಎರಡು ಕಿಲೋ ಸಕ್ಕರೆಯೂ ಸಿಗುತ್ತಿರಲಿಲ್ಲ. ದೊಡ್ಡಮ್ಮ ಒಳಗೆ ನಮಗೆಲ್ಲ ಕಾಫಿ ಕಾಯಿಸುತ್ತಿದ್ದರು. ಅವರನ್ನು ಒಂದು ಮಾತು ಕೇಳಬೇಕೆಂದು ನನಗೆ ಹೊಳೆಯಲಿಲ್ಲ.

ಎರಡು ವರ್ಷ ಕಳೆದ ಮೇಲೆ, ಮದುವೆಮನೆಯೊಂದರಲ್ಲಿ ಸಿಕ್ಕ ನಿವೃತ್ತ ಸುಬೇದಾರರೊಬ್ಬರು ವಿಷಯ ಕೇಳಿ, “ಪಿಂಚಣಿ ಇಲ್ಲದ ಸೈನಿಕನ ವಿಧವೆಗೂ ತಿಂಗಳ ನೆರವು ಇದೆಯಲ್ಲ, ಅವರ ಡಿಸ್ಚಾರ್ಜ್ ಬುಕ್ ತನ್ನಿ, ನಾನೇ ಅರ್ಜಿ ಹಾಕಿಸುತ್ತೇನೆ” ಎಂದರು. ನಾನು ಸಂತೋಷದಿಂದ ಹೋಗಿ ದೊಡ್ಡಮ್ಮನನ್ನು ಕೇಳಿದೆ.

“ಅದು ಟ್ರಂಕಿನಲ್ಲಿತ್ತು ಮಗಾ. ತಳದಲ್ಲಿ ಹಾಸಿದ್ದ ಪೇಪರಿನ ಕೆಳಗೆ. ಒದ್ದೆಯಾಗಬಾರದು ಅಂತ ಅವರೇ ಇಟ್ಟಿದ್ದು” ಎಂದರು.

ನನಗೆ ಮಾತು ಹೊರಡಲಿಲ್ಲ. ಪುಸ್ತಕವೂ ಹೋಯಿತು, ಮುಚ್ಚಳದ ಮೇಲಿದ್ದ ನಂಬರೂ ಹೋಯಿತು. ಕೊನೆಗೆ ಅಡ್ಡಿ ಬಿಡಿಸಿದ್ದು ದೇವರ ಕೋಣೆಯ ಡಬ್ಬಿಯಲ್ಲಿ ದೊಡ್ಡಮ್ಮ ಮಡಿಸಿಟ್ಟಿದ್ದ ಒಂದು ಹಳೆಯ ಇನ್‌ಲ್ಯಾಂಡ್ ಪತ್ರ. ಸೈನಿಕರು ಬರೆಯುವ ಪತ್ರದ ಹಿಂಬದಿಯಲ್ಲಿ ನಂಬರು, ಹುದ್ದೆ, ಹೆಸರು, ಘಟಕ, ಕೇರಾಫ್ 56 ಎ.ಪಿ.ಓ. ಎಂದು ಇರುತ್ತದೆ. ಆ ಒಂದು ಸಾಲನ್ನು ಹಿಡಿದುಕೊಂಡು, ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು, ಅಫಿಡವಿಟ್ ಮಾಡಿಸಿ, ಅವರ ಘಟಕದ ದಾಖಲೆ ಕಚೇರಿಗೆ ಬರೆದು ನಕಲು ಪ್ರತಿ ತರಿಸಿದೆವು. ಕಾಗದ ಕೈಗೆ ಬರುವಷ್ಟರಲ್ಲಿ ಎರಡು ಕೊಯ್ಲು ಮುಗಿದಿತ್ತು. ಅಷ್ಟು ಕಾಲ ಆ ತಾಯಿಗೆ ಸಲ್ಲಬೇಕಾಗಿದ್ದ ನೆರವನ್ನು ನಾನು ಎರಡು ಕಿಲೋ ಸಕ್ಕರೆಗಿಂತ ಕಡಿಮೆ ಬೆಲೆಗೆ ಮಾರಿದ್ದೆ.

ಗುಜರಿ ಎತ್ತುವುದೆಂದರೆ ಹಳೆಯ ಕಬ್ಬಿಣ ಎತ್ತುವುದಷ್ಟೇ ಅಲ್ಲ, ಒಂದು ಮನೆಯ ದಾಖಲೆಯ ಮೇಲೆ ಕೈ ಇಡುವುದು ಎಂದು ನಾನು ಕಲಿತದ್ದು ಹೀಗೆ.

ಪಿಂಚಣಿಯ ಗೆರೆಯ ಆಚೆ ಉಳಿದವರು

ನಮ್ಮ ಕಡೆಯ ಮಣ್ಣಿಗೂ ಸೇನೆಗೂ ಇರುವ ನಂಟನ್ನು ಹೊಸದಾಗಿ ಹೇಳಬೇಕಾಗಿಲ್ಲ. 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕೆ.ಎಂ. ಕಾರ್ಯಪ್ಪನವರು, 1957ರಿಂದ 1961ರವರೆಗೆ ಸೇನಾ ಮುಖ್ಯಸ್ಥರಾಗಿದ್ದ ಕೆ.ಎಸ್. ತಿಮ್ಮಯ್ಯನವರು, ಇಬ್ಬರೂ ಕೊಡಗಿನವರು. ತಿಮ್ಮಯ್ಯನವರ ಮಡಿಕೇರಿಯ ಮನೆ ‘ಸನ್ನಿಸೈಡ್’ 2021ರಲ್ಲಿ ಸ್ಮಾರಕ ಸಂಗ್ರಹಾಲಯವಾಯಿತು. ಕಾರ್ಯಪ್ಪನವರು ನಿವೃತ್ತಿಯ ನಂತರವೂ ಸುಮ್ಮನಿರದೆ 1964ರಲ್ಲಿ ಭಾರತೀಯ ಮಾಜಿ ಸೈನಿಕರ ಲೀಗ್ ಸ್ಥಾಪಿಸಿದರು. ಸಾಮಾನ್ಯ ಸಿಪಾಯಿಯ ನಿವೃತ್ತ ಬದುಕು ಹೇಗಿರುತ್ತದೆಂದು ಅವರಿಗೆ ತಿಳಿದಿತ್ತು.

ದಂಡನಾಯಕರಿಗೆ ಸ್ಮಾರಕಗಳಿವೆ. ಆದರೆ ಕೊಡಗಿನಲ್ಲಾಗಲಿ ಮಲೆನಾಡಿನಲ್ಲಾಗಲಿ ಹಳ್ಳಿಹಳ್ಳಿಯಲ್ಲಿರುವವರು ಹವಾಲ್ದಾರರು, ನಾಯಕರು, ಸಿಪಾಯಿಗಳು. ಇವರಲ್ಲಿ ಪಿಂಚಣಿ ಬರುವವರ ಮನೆ ಹೇಗೋ ನಡೆಯುತ್ತದೆ. ಸಿಪಾಯಿಗೆ ಸೇವಾ ಪಿಂಚಣಿ ಬರಬೇಕಾದರೆ ಸಾಮಾನ್ಯವಾಗಿ 15 ವರ್ಷ ಸೇವೆಯಾಗಿರಬೇಕು. ಮನೆಯ ಕಷ್ಟಕ್ಕೆ ಬೇಗ ಮರಳಿದವರು, ತುರ್ತು ಕಾಲದಲ್ಲಿ ಸೇರಿ ಕೆಲವೇ ವರ್ಷಗಳಲ್ಲಿ ಬಿಡುಗಡೆಯಾದವರು ಈ ಗೆರೆಯ ಆಚೆ ಉಳಿದರು. ಗಡಿಯಲ್ಲಿ ನಿಂತಾಗ ಅವರಿಗೂ ಉಳಿದವರಿಗೂ ಭೇದವಿರಲಿಲ್ಲ. ಎಪ್ಪತ್ತು, ಎಂಬತ್ತು ವಯಸ್ಸಿನಲ್ಲಿ ಭೇದ ಕಾಣುತ್ತದೆ.

ಇಂಥವರಿಗಾಗಿಯೇ ಒಂದು ವ್ಯವಸ್ಥೆ ಇದೆ. 1949ರಿಂದ ಪ್ರತಿ ಡಿಸೆಂಬರ್ 7ರಂದು ಧ್ವಜ ದಿನ ಆಚರಿಸುತ್ತಾ ಬಂದಿದ್ದೇವೆ. ಶಾಲೆಯಲ್ಲಿದ್ದಾಗ ಕೆಂಪು, ಕಡುನೀಲಿ, ತಿಳಿನೀಲಿ ಬಣ್ಣದ ಪುಟ್ಟ ಧ್ವಜವನ್ನು ನಾಲ್ಕಾಣೆ ಕೊಟ್ಟು ಅಂಗಿಗೆ ಚುಚ್ಚಿಕೊಂಡದ್ದು ಹಲವರಿಗೆ ನೆನಪಿದ್ದೀತು. ಮೂರು ಬಣ್ಣ ಮೂರು ಪಡೆಗಳ ಗುರುತು. ಬೇರೆಬೇರೆಯಾಗಿದ್ದ ಹಲವು ನಿಧಿಗಳನ್ನು ಸೇರಿಸಿ 1993ರಲ್ಲಿ ‘ಸಶಸ್ತ್ರ ಪಡೆಗಳ ಧ್ವಜ ದಿನ ನಿಧಿ’ಯನ್ನು ಮಾಡಲಾಯಿತು. ಇದನ್ನು ನೋಡಿಕೊಳ್ಳುವುದು ದೆಹಲಿಯ ಕೇಂದ್ರೀಯ ಸೈನಿಕ ಮಂಡಳಿ. ನಮ್ಮ ರಾಜ್ಯದಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗಳು ಈ ಕೆಲಸ ಮಾಡುತ್ತವೆ. ಕೊಡಗಿನವರಿಗೆ ಮಡಿಕೇರಿಯಲ್ಲಿಯೇ ಕಚೇರಿ ಇದೆ.

ಈ ನಿಧಿಯ ಅಂಗವಾದ ರಕ್ಷಣಾ ಮಂತ್ರಿಗಳ ಮಾಜಿ ಸೈನಿಕರ ಕಲ್ಯಾಣ ನಿಧಿಯಿಂದ, ಹವಾಲ್ದಾರ್ ಮತ್ತು ಅದಕ್ಕಿಂತ ಕೆಳಗಿನ ದರ್ಜೆಯ, ಪಿಂಚಣಿಯೂ ಬೇರೆ ಖಾಯಂ ಆದಾಯವೂ ಇಲ್ಲದ, 65 ವರ್ಷ ಮೀರಿದ ಮಾಜಿ ಸೈನಿಕರಿಗೂ ಅಂಥವರ ವಿಧವೆಯರಿಗೂ ಜೀವನಪರ್ಯಂತ ತಿಂಗಳ ನೆರವು ದೊರೆಯುತ್ತದೆ. ಇದು ತಿಂಗಳಿಗೆ 4,000 ರೂಪಾಯಿ ಇತ್ತು. 2025ರ ಅಕ್ಟೋಬರಿನಲ್ಲಿ ಅದನ್ನು 8,000 ರೂಪಾಯಿಗೆ ಏರಿಸಲಾಯಿತು. ಮಕ್ಕಳ ಶಿಕ್ಷಣದ ನೆರವು ತಲಾ 1,000ದಿಂದ 2,000 ರೂಪಾಯಿಗೆ, ಮದುವೆಯ ನೆರವು 50,000ದಿಂದ ಒಂದು ಲಕ್ಷಕ್ಕೆ ಏರಿತು. ಏರಿಸಿದ ದರ 2025ರ ನವೆಂಬರ್ 1ರಿಂದ ಸಲ್ಲಿಸುವ ಅರ್ಜಿಗಳಿಗೆ ಎಂದು ಪ್ರಕಟಿಸಲಾಯಿತು.

ಒಬ್ಬ ವೃದ್ಧೆಗೆ ತಿಂಗಳಿಗೆ 8,000 ಎಂದರೆ ವರ್ಷಕ್ಕೆ 96,000 ರೂಪಾಯಿ. ಈ ಹಣಕ್ಕೆ ಒಂದು ಮೂಲ ಧ್ವಜ ದಿನದ ನಿಧಿಗೆ ನಾವು ನೀವು ಕೊಡುವ ಕಾಣಿಕೆ. ಒಂದು ಮನೆಯ ಗುಜರಿಯಿಂದ ಅಷ್ಟು ಹುಟ್ಟದು. ಒಂದು ಸಂಘದ ಗುಜರಿಯಿಂದ ಹುಟ್ಟಬಹುದು. 200 ಸದಸ್ಯರು ತಲಾ 15 ಕಿಲೋ ಹಳೆಯ ಲೋಹ ಕೊಟ್ಟರೆ ಮೂರು ಟನ್ ಆಗುತ್ತದೆ. ಅದರಲ್ಲಿ ಸ್ವಲ್ಪವಾದರೂ ತಾಮ್ರ, ಹಿತ್ತಾಳೆ ಇದ್ದರೆ ಲೆಕ್ಕವೇ ಬೇರೆ.

ಹಳೆಯ ಲೋಹಕ್ಕೆ ಬೆಲೆ ಏಕೆ?

ಕಾಗದ, ಬಟ್ಟೆಗಳಂತೆ ಲೋಹ ಸವೆದು ಮುಗಿಯುವುದಿಲ್ಲ. ಕರಗಿಸಿದರೆ ಮತ್ತೆ ಹೊಸದು. ಬಾಕ್ಸೈಟ್ ಅದಿರಿನಿಂದ ಅಲ್ಯೂಮಿನಿಯಂ ತೆಗೆಯಲು ಅಪಾರ ವಿದ್ಯುತ್ ಬೇಕು. ಹಳೆಯ ಅಲ್ಯೂಮಿನಿಯಂ ಪಾತ್ರೆಯನ್ನು ಕರಗಿಸಿ ಮಾಡಿದರೆ ಅದರಲ್ಲಿ ಶೇಕಡಾ 95ರಷ್ಟು ಶಕ್ತಿ ಉಳಿಯುತ್ತದೆ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿ ಸೆಂಟಿಗ್ರೇಡಿನಲ್ಲಿ, ತಾಮ್ರ 1,085ರಲ್ಲಿ, ಕಬ್ಬಿಣ 1,538ರಲ್ಲಿ. ಆದ್ದರಿಂದಲೇ ಗುಜರಿಯವನು ಮಳೆಯಲ್ಲಿಯೂ ನಮ್ಮ ಬಾಗಿಲಿಗೆ ಬರುತ್ತಾನೆ.

ಸೇನೆಯ ಲೋಹವೂ ಇದಕ್ಕೆ ಹೊರತಲ್ಲ. 1971ರ ಯುದ್ಧದಲ್ಲಿ ಬಂಗಾಳ ಕೊಲ್ಲಿಯಲ್ಲಿ ಕಾದಿದ ವಿಮಾನವಾಹಕ ನೌಕೆ ‘ವಿಕ್ರಾಂತ್’ 1997ರಲ್ಲಿ ಸೇವೆಯಿಂದ ನಿವೃತ್ತವಾಯಿತು. ಕೆಲವು ವರ್ಷ ಮುಂಬಯಿಯಲ್ಲಿ ಸಂಗ್ರಹಾಲಯವಾಗಿದ್ದು, 2014ರಲ್ಲಿ ಗುಜರಿಗೆ ಮಾರಾಟವಾಯಿತು. ಅದರ ಉಕ್ಕಿನ ಒಂದು ಪಾಲು 2016ರಲ್ಲಿ ಬಜಾಜ್ ಕಂಪನಿಯ ಒಂದು ಮೋಟಾರ್ ಸೈಕಲ್ಲಿಗೆ ಸೇರಿ ಮತ್ತೆ ರಸ್ತೆಗೆ ಬಂತು.

ತೋಟಗಾರರ ಗುಜರಿಗೆ ಇನ್ನೊಂದು ವಿಶೇಷವಿದೆ. ಮೈಲುತುತ್ತದ ನೀರಿಗೆ ಕಬ್ಬಿಣದ ಚಾಕು ಅದ್ದಿದರೆ ಅದು ಕೆಂಪಾಗುವುದನ್ನು ಬೋರ್ಡೋ ಮಿಶ್ರಣ ತಯಾರಿಸುವಾಗ ನಾವೆಲ್ಲ ನೋಡಿದ್ದೇವೆ. ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ. ಅದಕ್ಕಾಗಿಯೇ ಕೊಳೆರೋಗಕ್ಕೆ ಔಷಧಿ ಹೊಡೆಯುವ ಹಳೆಯ ಪಂಪುಗಳ ಮೈ ಹಿತ್ತಾಳೆಯದು ಅಥವಾ ತಾಮ್ರದ್ದು. ಅಡಿಕೆ ಬೇಯಿಸುವ ಹಳೆಯ ಹಂಡೆಯೂ ಹಲವು ಮನೆಗಳಲ್ಲಿ ತಾಮ್ರದ್ದೇ. ಪೇಟೆಯ ಮನೆಯ ಗುಜರಿಯಲ್ಲಿ ಕಾಣದ ಬೆಲೆಯ ಲೋಹ ನಮ್ಮ ಕೊಟ್ಟಿಗೆಯಲ್ಲಿದೆ. ತಾಮ್ರಕ್ಕೆ ಕಬ್ಬಿಣದ ಹತ್ತು ಪಟ್ಟಿಗೂ ಮೀರಿದ ಬೆಲೆ ಇರುತ್ತದೆ. ಎಲ್ಲವನ್ನೂ ಒಂದೇ ರಾಶಿ ಹಾಕಿ ‘ಹಳೇ ಕಬ್ಬಿಣ’ ಎಂದು ಮಾರಿದರೆ ನಷ್ಟ ಯಾರಿಗೆಂದು ಬೇರೆ ಹೇಳಬೇಕಿಲ್ಲ.

ವಿಂಗಡಿಸುವ ಕ್ರಮ

ಇದಕ್ಕೆ ಬೇಕಾದ ಉಪಕರಣಗಳು ಎರಡೇ: ಹಾಳಾದ ಸ್ಪೀಕರಿನಿಂದ ತೆಗೆದ ಒಂದು ಅಯಸ್ಕಾಂತ, ಒಂದು ಅರ.

1. ಕಬ್ಬಿಣ, ಉಕ್ಕು: ಅಯಸ್ಕಾಂತ ಗಟ್ಟಿಯಾಗಿ ಹಿಡಿಯುತ್ತದೆ. ಗುದ್ದಲಿ, ಕತ್ತಿ, ಮುಳ್ಳುತಂತಿ, ಸರಳು ಮುಂತಾದವು. ತೆಳು ತಗಡನ್ನು ಬೇರೆ ಇಡಬೇಕು. ಅದಕ್ಕೆ ಬೆಲೆ ಕಡಿಮೆ.

2. ಬೀಡು: ಅಯಸ್ಕಾಂತ ಇದನ್ನೂ ಹಿಡಿಯುತ್ತದೆ. ಆದರೆ ಸುತ್ತಿಗೆಯ ಪೆಟ್ಟಿಗೆ ಬಾಗದೆ ಒಡೆಯುತ್ತದೆ. ಒಡೆದ ಜಾಗ ಬೂದು ಬಣ್ಣ, ಹರಳುಹರಳು. ಹಳೆಯ ಪಲ್ಪರಿನ ಚೌಕಟ್ಟು, ನೀರಿನ ಪಂಪಿನ ಮೈ ಇತ್ಯಾದಿ.

3. ಅಲ್ಯೂಮಿನಿಯಂ: ಅಯಸ್ಕಾಂತ ಹಿಡಿಯದು, ಹಗುರ. ಒಂದೇ ಗಾತ್ರದ ಕಬ್ಬಿಣದ ಮೂರನೆಯ ಒಂದು ಭಾಗದಷ್ಟು ತೂಕ. ಅಡುಗೆ ಪಾತ್ರೆ, ಹಳೆಯ ಸ್ಪ್ರಿಂಕ್ಲರ್ ಪೈಪು. ಪೈಪಿನ ಕಬ್ಬಿಣದ ಕೊಂಡಿ, ರಬ್ಬರ್ ಬಿಚ್ಚಿದರೆ ಒಳ್ಳೆಯ ದರ.

4. ತಾಮ್ರ: ಅರದಿಂದ ಉಜ್ಜಿದರೆ ಒಳಗೂ ಕೆಂಪು. ಹಂಡೆ, ತಪ್ಪಲೆ, ಸುಟ್ಟ ಮೋಟಾರಿನ ತಂತಿ. ತಂತಿಯ ಪ್ಲಾಸ್ಟಿಕ್ ಹೊದಿಕೆಯನ್ನು ಬೆಂಕಿಗೆ ಹಾಕಿ ಸುಡಬಾರದು. ಆ ಹೊಗೆ ವಿಷ, ಸುಟ್ಟ ತಂತಿಗೆ ಬೆಲೆಯೂ ಇಳಿಯುತ್ತದೆ. ಕತ್ತಿಯಿಂದ ಸೀಳಿ ತೆಗೆಯಿರಿ, ಇಲ್ಲವೇ ಹಾಗೆಯೇ ಕೊಡಿ.

5. ಹಿತ್ತಾಳೆ, ಕಂಚು: ಉಜ್ಜಿದರೆ ಹಳದಿ. ತಾಮ್ರಕ್ಕೆ ಸತು ಸೇರಿದರೆ ಹಿತ್ತಾಳೆ, ತವರ ಸೇರಿದರೆ ಕಂಚು. ಹಿತ್ತಾಳೆಯಂತೆ ಹೊಳೆಯುವುದನ್ನು ಅಯಸ್ಕಾಂತ ಹಿಡಿದರೆ ಅದು ಕಬ್ಬಿಣಕ್ಕೆ ಕೊಟ್ಟ ಲೇಪನ ಮಾತ್ರ.

6. ಸ್ಟೀಲ್ ಪಾತ್ರೆ: ಹೆಚ್ಚಿನವನ್ನು ಅಯಸ್ಕಾಂತ ಹಿಡಿಯುವುದಿಲ್ಲ, ಹಿಡಿದರೂ ಸಡಿಲವಾಗಿ. ತೂಕದಲ್ಲಿ ಅಲ್ಯೂಮಿನಿಯಂನಿಂದ ಬೇರೆ ಗೊತ್ತಾಗುತ್ತದೆ.

ಔಷಧಿ ಪಂಪುಗಳನ್ನು ಕೊಡುವ ಮೊದಲು ಮೂರು ಸಲ ತೊಳೆಯಿರಿ. ವಿಂಗಡಿಸುವವರು ಕೈಗೆ ದಪ್ಪ ಗ್ಲೌಸು, ಕಾಲಿಗೆ ಬೂಟು ಹಾಕಿಕೊಳ್ಳಲಿ. ತುಕ್ಕು ಹಿಡಿದ ಮೊಳೆ ಚುಚ್ಚಿದರೆ ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಳ್ಳುವುದನ್ನು ಮುಂದೂಡಬಾರದು. ರಾಶಿಯನ್ನು ಮಾಡಿನ ಕೆಳಗೆ ಇಡಿ. ಡಬ್ಬ, ಪಾತ್ರೆಗಳಲ್ಲಿ ಮಳೆನೀರು ನಿಂತರೆ ಡೆಂಗಿ ಸೊಳ್ಳೆಗೆ ನಾವೇ ಮನೆ ಕಟ್ಟಿಕೊಟ್ಟಂತೆ.

ತೆಗೆದುಕೊಳ್ಳಬಾರದ ವಸ್ತುಗಳು

ಕೆಲವನ್ನು ಕೊಡುವವರು ಕೊಟ್ಟರೂ ನಾವು ತೆಗೆದುಕೊಳ್ಳಬಾರದು. ಕೀಟನಾಶಕದ ಡಬ್ಬಗಳು ಬೇಡ. ವಾಹನದ ಮತ್ತು ಇನ್ವರ್ಟರಿನ ಬ್ಯಾಟರಿಗಳಲ್ಲಿ ಸೀಸವೂ ಆಮ್ಲವೂ ಇರುತ್ತವೆ. ಹೊಸ ಬ್ಯಾಟರಿ ಕೊಳ್ಳುವ ಅಂಗಡಿಗೇ ಅವು ಹಿಂತಿರುಗಬೇಕು. ಗ್ಯಾಸ್ ಸಿಲಿಂಡರ್, ಮುಚ್ಚಿದ ಡ್ರಮ್ಮುಗಳು ಅಪಾಯಕಾರಿ.

ಹಳೆಯ ಕೋವಿ ಗುಜರಿಯಲ್ಲ. ಉಪಯೋಗಕ್ಕೆ ಬಾರದ ಕೋವಿಯಾದರೂ, ಹಿತ್ತಾಳೆಯ ಬುಡವಿರುವ ಹಾರದ ತೋಟಾ ಆದರೂ, ಅದರ ದಾರಿ ಪೊಲೀಸ್ ಠಾಣೆಯ ಮೂಲಕವೇ. ಗುಜರಿ ಚೀಲದಲ್ಲಿ ಸಿಕ್ಕರೆ ಕೊಟ್ಟವರಿಗೂ ಸಂಘಕ್ಕೂ ತೊಂದರೆ.

ಗುರುತಿಲ್ಲದವರು ತರುವ ತಾಮ್ರದ ತಂತಿಯನ್ನು ಮುಟ್ಟಲೇಬಾರದು. ಬೋರ್‌ವೆಲ್ ಕೇಬಲ್ಲು ಕಳವಾದ ದುಃಖ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತಿಲ್ಲ? ಒಬ್ಬ ಬೆಳೆಗಾರನ ಕೇಬಲ್ಲು ಸೈನಿಕರ ಹೆಸರಿನ ತಕ್ಕಡಿಗೆ ಬರುವಂತಾಗಬಾರದು. ಸದಸ್ಯರಿಂದ ಮಾತ್ರ, ಪುಸ್ತಕದಲ್ಲಿ ಬರೆದು, ಸಹಿ ಪಡೆದು ತೆಗೆದುಕೊಳ್ಳುವುದು ಕ್ಷೇಮ.

ಕೊನೆಯದಾಗಿ ಪದಕಗಳು. ಎರಡನೆಯ ಮಹಾಯುದ್ಧದ ನಕ್ಷತ್ರಾಕಾರದ ಪದಕಗಳು ತಾಮ್ರ, ಸತುವಿನ ಮಿಶ್ರಲೋಹದವು. ಅದೇ ಯುದ್ಧದ ದುಂಡನೆಯ ಪದಕ ತಾಮ್ರ, ನಿಕ್ಕಲಿನದು. ರಿಬ್ಬನ್ನು ಕೊಳೆತುಹೋದ ಮೇಲೆ ಅವು ಹಳೆಯ ಬಾಗಿಲ ಚಿಲಕದ ತುಂಡಿನಂತೆಯೇ ಕಾಣುತ್ತವೆ. ತೂಕಕ್ಕೆ ಹಾಕಿದರೆ ಕೆಲವೇ ರೂಪಾಯಿ. ಬರ್ಮಾದ ಕಾಡಿಗೆ ಹೋಗಿ ಬಂದ ಅಜ್ಜನ ಮನೆಯಲ್ಲಿ ಉಳಿದಿರುವ ಗುರುತು ಅದೊಂದೇ ಇರಬಹುದು. ಅಂಥದ್ದು ಕಂಡರೆ ತೊಳೆದು, ಒರೆಸಿ, ಮನೆಯವರ ಕೈಗೆ ಕೊಡಿ.

ಯಾವಾಗ ಮಾಡಬೇಕು?

ಡಿಸೆಂಬರ್ 7 ಎಂದರೆ ಅರೇಬಿಕಾ ಕೊಯ್ಲು, ಅಡಿಕೆ ಕೊಯ್ಲು ಎರಡೂ ತಲೆಯ ಮೇಲಿರುವ ಸಮಯ. ಆಗ ಗುಜರಿ ಎತ್ತಲು ಯಾರಿಗೂ ಬಿಡುವಿಲ್ಲ. ಆದ್ದರಿಂದ ಕೆಲಸವನ್ನು ಹಿಂದಿನಿಂದಲೇ ಜೋಡಿಸಿಕೊಳ್ಳಬೇಕು.

ಸೆಪ್ಟೆಂಬರ್ ಆರಂಭದ ಕೈಲ್‌ಪೊಳ್ದ್ ಹಬ್ಬದಲ್ಲಿ ಕೊಡಗಿನ ಮನೆಗಳಲ್ಲಿ ಆಯುಧಗಳು ಹೊರಬರುತ್ತವೆ. ಉಳಿದ ಕಡೆ ಆಯುಧಪೂಜೆಗೆ. ಈ ಎರಡು ಹಬ್ಬಗಳ ನಡುವೆ ಪ್ರತಿ ಮನೆಯವರೂ ತಮ್ಮ ಬೇಡದ ಲೋಹವನ್ನು ಒಂದು ಚೀಲಕ್ಕೆ ಹಾಕಿಡಲಿ. ಹಬ್ಬ ಮುಗಿದ ವಾರ ಸಂಘದ ಗೊಬ್ಬರದ ಲಾರಿ ಊರಿಗೆ ಬಂದು ಹಿಂತಿರುಗುವಾಗ ಖಾಲಿ ಹೋಗುವ ಬದಲು ಆ ಚೀಲಗಳನ್ನು ಹೊತ್ತೊಯ್ಯಲಿ. ಸಾಗಾಣಿಕೆಗೆ ಬೇರೆ ಖರ್ಚಾಗದಿದ್ದರೆ ಮಾತ್ರ ಕಬ್ಬಿಣ ಎತ್ತುವುದರಲ್ಲಿ ಅರ್ಥವಿದೆ. ನಂತರದ ಎರಡು ವಾರಗಳಲ್ಲಿ ಗೋದಾಮಿನ ಅಂಗಳದಲ್ಲಿ ವಿಂಗಡಣೆ. ನವೆಂಬರಿನಲ್ಲಿ ಕನಿಷ್ಠ ಮೂವರು ವ್ಯಾಪಾರಿಗಳಿಂದ ಲೋಹವಾರು ದರ ಕೇಳಿ, ಬಿಲ್ಲು ಕೊಡುವವರಿಗೆ ಮಾರಾಟ.

ಸಂಗ್ರಹಕ್ಕೆ ಹೋಗುವವರ ಕೈಯಲ್ಲಿ ಎರಡು ಪುಸ್ತಕಗಳಿರಲಿ. ಒಂದು ತೂಕದ್ದು. ಇನ್ನೊಂದರಲ್ಲಿ ಒಂದೇ ಪ್ರಶ್ನೆ: ‘ಈ ಮನೆಯಿಂದ ಸೇನೆಗೆ ಹೋದವರು ಇದ್ದಾರೆಯೇ, ಇದ್ದರೆ ಅವರಿಗಾಗಲಿ ಅವರ ಮಡದಿಗಾಗಲಿ ಪಿಂಚಣಿ ಬರುತ್ತಿದೆಯೇ?’ ಲೇಖನದ ಆರಂಭದಲ್ಲಿ ನಾನು ಹೇಳಿದ, ಹಣಕ್ಕಿಂತ ದೊಡ್ಡ ಕೆಲಸ ಇದೇ. ನೆರವು ಇದೆಯೆಂದು ತಿಳಿಯದೆ ಉಳಿದವರು ತಾವಾಗಿ ಕಚೇರಿಗೆ ಬರುವುದಿಲ್ಲ. ಕೇಳುವುದಕ್ಕೆ ಸಂಕೋಚ ಪಡುವ ಸ್ವಭಾವ ಅವರದು. ಗುಜರಿಯ ನೆಪದಲ್ಲಿ ನಾವೇ ಅವರ ಜಗಲಿಗೆ ಹೋದರೆ ಮಾತು ತಾನಾಗಿ ಬರುತ್ತದೆ.

ಹೆಸರು ಸಿಕ್ಕ ಮೇಲೆ ಡಿಸ್ಚಾರ್ಜ್ ಬುಕ್, ಮಾಜಿ ಸೈನಿಕರ ಗುರುತಿನ ಚೀಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಇವೆಯೇ ನೋಡಬೇಕು. ಅರ್ಜಿಯನ್ನು ಈಗ ಕೇಂದ್ರೀಯ ಸೈನಿಕ ಮಂಡಳಿಯ ಜಾಲತಾಣದ ಮೂಲಕವೇ ಸಲ್ಲಿಸಬೇಕು. ಪರಿಶೀಲನೆ ಸೈನಿಕ ಕಲ್ಯಾಣ ಕಚೇರಿಯಿಂದ. ಎಂಬತ್ತರ ಮುದುಕಿಗೆ ಇದು ಹೇಗೆ ಸಾಧ್ಯ? ನಮ್ಮ ಸಂಘದ ಕಚೇರಿಯ ಕಂಪ್ಯೂಟರಿನಲ್ಲಿ ಅರ್ಧ ಗಂಟೆಯ ಕೆಲಸ. ಪಿಂಚಣಿ ಬರುವವರಿಗೂ ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡುವ ಕಷ್ಟವಿದೆ. ಜೀವಮಾನವೆಲ್ಲ ಕತ್ತಿ, ಗುದ್ದಲಿ ಹಿಡಿದ ಬೆರಳಿನ ಗೆರೆಗಳು ಯಂತ್ರಕ್ಕೆ ಕಾಣುವುದಿಲ್ಲ. 2021ರ ನವೆಂಬರಿನಿಂದ ಮುಖ ತೋರಿಸಿ ಪ್ರಮಾಣಪತ್ರ ಪಡೆಯುವ ವ್ಯವಸ್ಥೆ ಬಂದಿದೆ. ಮೊಬೈಲ್ ಬಲ್ಲ ನಮ್ಮ ಮಕ್ಕಳು ಇಂಥ ಹತ್ತು ಮನೆಗೆ ಹೋಗಿ ಬಂದರೆ ಅದೂ ಸೇವೆಯೇ.

ಲೆಕ್ಕ ಗೋಡೆಯ ಮೇಲಿರಲಿ

ಒಳ್ಳೆಯ ಉದ್ದೇಶಕ್ಕೆ ಕೂಡಿಸಿದ ಲೋಹವೂ ದಾರಿ ತಪ್ಪಿದ ಉದಾಹರಣೆ ಇದೆ. 1940ರ ಜುಲೈಯಲ್ಲಿ ಬ್ರಿಟನ್ನಿನ ವಿಮಾನ ತಯಾರಿಕಾ ಮಂತ್ರಿ ಲಾರ್ಡ್ ಬೀವರ್‌ಬ್ರೂಕ್, ಯುದ್ಧವಿಮಾನ ಕಟ್ಟಲು ಮನೆಯ ಅಲ್ಯೂಮಿನಿಯಂ ಪಾತ್ರೆ ಕೊಡಿರೆಂದು ಗೃಹಿಣಿಯರಿಗೆ ಕರೆ ಕೊಟ್ಟ. ರಾಶಿ ರಾಶಿ ಪಾತ್ರೆ ಬಂತು. ಆಮೇಲೆ ಉದ್ಯಾನ, ಮನೆಗಳ ಮುಂದಿನ ಕಬ್ಬಿಣದ ಕಂಬಿಗಳನ್ನೂ ಕಿತ್ತು ಒಯ್ದರು. ಆ ಕಂಬಿಗಳಲ್ಲಿ ಎಷ್ಟು ನಿಜವಾಗಿ ಕುಲುಮೆಗೆ ಹೋಯಿತು ಎಂಬುದು ಇಂದಿಗೂ ವಾದದ ವಿಷಯ. ಕೊಟ್ಟವರ ಉತ್ಸಾಹಕ್ಕೆ ಕೊರತೆ ಇರಲಿಲ್ಲ, ಲೆಕ್ಕಕ್ಕೆ ಇತ್ತು.

ನಮ್ಮಲ್ಲಿ ಹಾಗಾಗಬಾರದು. ಕೊಟ್ಟ ಪ್ರತಿಯೊಬ್ಬರಿಗೂ ತೂಕದ ರಸೀದಿ. ಮಾರಾಟದ ದಿನ ಕನಿಷ್ಠ ಮೂವರು ಸದಸ್ಯರ ಸಮಕ್ಷಮ ತೂಕ. ಹಣಕ್ಕೆ ಪ್ರತ್ಯೇಕ ಖಾತೆ; ಗೊಬ್ಬರದ ಬಾಕಿಗಾಗಲಿ ಕಟ್ಟಡದ ಸುಣ್ಣಬಣ್ಣಕ್ಕಾಗಲಿ ಒಂದು ದಿನದ ಮಟ್ಟಿಗೂ ತಿರುಗಿಸಬಾರದು. ಧ್ವಜ ದಿನದಂದು ಚೆಕ್ಕು ಅಥವಾ ಡಿ.ಡಿ. ಮೂಲಕ ನಿಧಿಗೆ ಸಂದಾಯ. ಎಷ್ಟು ಕಿಲೋ ಬಂತು, ಯಾವ ದರಕ್ಕೆ ಹೋಯಿತು, ಎಷ್ಟು ಕಟ್ಟಿದೆವು ಎಂಬ ಮೂರು ಸಾಲು ಮತ್ತು ನಿಧಿಯ ರಸೀದಿ ಸಂಘದ ಗೋಡೆಯ ಮೇಲಿರಲಿ. ಮೊದಲ ವರ್ಷದ ಲೆಕ್ಕ ಗೋಡೆಯ ಮೇಲೆ ಕಂಡರೆ ಎರಡನೆಯ ವರ್ಷ ಕೇಳದೆಯೇ ಚೀಲಗಳು ಬರುತ್ತವೆ.

1962ರಲ್ಲಿ ಚೀನಾ ಯುದ್ಧ ಬಂದಾಗ ರಾಷ್ಟ್ರೀಯ ರಕ್ಷಣಾ ನಿಧಿಗೆ ನಮ್ಮ ತಾಯಂದಿರು ಕೈಯ ಬಳೆ, ಕಿವಿಯ ಓಲೆ ಬಿಚ್ಚಿ ಕೊಟ್ಟರು. ಇಂದು ನಮ್ಮಿಂದ ಯಾರೂ ಚಿನ್ನ ಕೇಳುತ್ತಿಲ್ಲ. ತುಕ್ಕು ಹಿಡಿಯುತ್ತಿರುವ ಕಬ್ಬಿಣ ಕೊಡುವುದಕ್ಕೂ ಹಿಂದೆಮುಂದೆ ನೋಡಿದರೆ ಹೇಗೆ?

ದೊಡ್ಡಮ್ಮನಿಗೆ ಕೊನೆಗೆ ನೆರವು ಮಂಜೂರಾಯಿತು. ಬ್ಯಾಂಕಿನಿಂದ ಮೊದಲ ತಿಂಗಳ ಹಣ ತಂದ ದಿನ ಅವರು ನನ್ನನ್ನು ಕರೆದು, ಹೊಸ ಡಿಸ್ಚಾರ್ಜ್ ಪತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ನನ್ನ ಕೈಗೇ ಕೊಟ್ಟರು. “ಇದನ್ನು ನೀನೇ ಇಟ್ಟುಕೋ ಮಗಾ. ಇನ್ನು ನೀನು ಕಳೆಯೋದಿಲ್ಲ” ಎಂದರು. ಅದು ಇಂದಿಗೂ ನಮ್ಮ ಮನೆಯ ಬೀರುವಿನಲ್ಲಿದೆ.

ಈ ವರ್ಷದ ಆಯುಧಪೂಜೆಗೆ ಅಟ್ಟ ಹತ್ತುವ ಸದಸ್ಯ ಬಾಂಧವರಲ್ಲಿ ನನ್ನ ವಿನಂತಿ ಇಷ್ಟೇ. ಬೇಡದ ಲೋಹವನ್ನು ಚೀಲಕ್ಕೆ ಹಾಕಿ. ಟ್ರಂಕು ಕಂಡರೆ ಮುಚ್ಚಳ ತೆಗೆದು, ತಳದ ಪೇಪರು ಎತ್ತಿ ನೋಡಿ. ಮನೆಯ ಹಿರಿಯರನ್ನು ಒಂದು ಮಾತು ಕೇಳಿ. ಆಮೇಲೆ ತಕ್ಕಡಿಗೆ ಹಾಕಿ.

ಒಬ್ಬ ಸದಸ್ಯ ಬೆಳೆಗಾರ